ಗಾಜಿನ ಕೋಣೆಯ ಎರಡು ಮಂಚ

ಎಸ್ತೇರಮ್ಮಕ್ಕನನ್ನು ನೆನೆದಾಗಲೆಲ್ಲ ನನ್ನ ಕಣ್ಣೆದುರು ಬರುವುದು ಒಂದೇ ಚಿತ್ರ. ಒಗೆದ ಬಿಳಿ ಹಾಸು ಹಾಸಿದ ಸಣ್ಣ ಕಬ್ಬಿಣದ ಮಂಚ, ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ದಪ್ಪ ಮೈಯ ಹಿರಿಯ ನರ್ಸ್, ಅವರ ಕೈಯಲ್ಲೊಂದು ಬೆಲ್ಲದ ಚೂರು. ಅವರು ಅದನ್ನು ಅವಸರವಿಲ್ಲದೆ ಕಚ್ಚಿ ತಿನ್ನುತ್ತಿದ್ದರು. ವಾರ್ಡಿನ ತಾಯಂದಿರೆಲ್ಲ ಮಾತು ನಿಲ್ಲಿಸಿ ನೋಡುತ್ತಿದ್ದರು. ತಿಂದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, "ಹೂಂ, ಯಾರು ಬರ್ತೀರಮ್ಮ?" ಎನ್ನುತ್ತಿದ್ದರು. ಆಗ ಯಾರಾದರೂ ಒಬ್ಬಳು ತಾಯಿ ಎದ್ದು ಬಂದು, ತನ್ನ ಮಗುವನ್ನು ಆ ಮಂಚದ ಮೇಲೆ ಮಲಗಿಸುತ್ತಿದ್ದಳು.

ಆ ಮಕ್ಕಳ ಆಸ್ಪತ್ರೆಗೆ ನಾನು ನರ್ಸ್ ಕೆಲಸ ಕಲಿಯಲು ಸೇರಿದ ಹೊಸದರಲ್ಲಿ ಇದೇನು ವಿಚಿತ್ರವೆಂದು ನಕ್ಕಿದ್ದೆ. ಆಮೇಲೆ ತಿಳಿಯಿತು. ಒಂದು ಮಗು ತೀರಿಕೊಂಡ ಮಂಚದ ಮೇಲೆ ಇನ್ನೊಬ್ಬ ತಾಯಿ ತನ್ನ ಮಗುವನ್ನು ಮಲಗಿಸಲು ಒಪ್ಪುತ್ತಿರಲಿಲ್ಲ. ಯಾವ ಮಂಚದಲ್ಲಿ ಯಾವ ಮಗು ಹೋಯಿತೆಂಬುದು ನಮಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು. ಹಾಸು ಬದಲಿಸಿ, ಔಷಧದ ನೀರಿನಲ್ಲಿ ಒರೆಸಿ ಏನು ಮಾಡಿದರೂ ಅವರು ಮಂಚದ ಪಕ್ಕದಲ್ಲೇ ನೆಲದ ಮೇಲೆ ಚಾಪೆ ಹಾಸಿ ಮಗುವನ್ನು ಅಪ್ಪಿಕೊಂಡು ಕೂರುತ್ತಿದ್ದರು. ಮಂಚಗಳು ಖಾಲಿ, ನೆಲ ತುಂಬಿದ ಜಾತ್ರೆ. ನೆಲದ ಮೇಲಿನ ಮಗುವಿಗೆ ಸೂಜಿ ಚುಚ್ಚಲು ಬಗ್ಗಿ ಬಗ್ಗಿ ನರ್ಸುಗಳ ಸೊಂಟ ಬಿದ್ದುಹೋಗುತ್ತಿತ್ತು, ಬಾಗಿಲ ಹೊರಗೆ ಇನ್ನಷ್ಟು ಮಕ್ಕಳು ಕಾಯುತ್ತಿದ್ದವು.

ಎಸ್ತೇರಮ್ಮಕ್ಕ ಹೇಳುತ್ತಿದ್ದರು, ಇದಕ್ಕೆ ಮದ್ದು ಸಿಕ್ಕಿದ್ದು ಹಸಿವಿನಿಂದ ಎಂದು. ಅವರು ಚಿಕ್ಕವರಿದ್ದಾಗ ಒಂದು ದಿನ ಬೆಳಗಿನಿಂದ ಊಟವಿಲ್ಲದೆ ಓಡಾಡಿ ಕಣ್ಣು ಕತ್ತಲೆ ಬಂದು, ಅಂಥದೇ ಒಂದು ಖಾಲಿ ಮಂಚದ ಮೇಲೆ ಕುಸಿದು ಕೂತರಂತೆ. ಸೆರಗಿನ ಗಂಟಿನಲ್ಲಿದ್ದ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡರಂತೆ. ಅದನ್ನು ನೋಡಿದ ಒಬ್ಬಳು ತಾಯಿ, "ಸಿಸ್ಟರಮ್ಮ ಕೂತು ಉಂಡರು, ಇನ್ನು ಮಂಚ ಬೆಚ್ಚಗಾಯ್ತು" ಎಂದು ಮಗುವನ್ನು ತಂದು ಮಲಗಿಸಿದಳು. ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಮಂಚ ಬೆಚ್ಚಗೆ ಮಾಡುವುದು ಎಂದೇ ಅದರ ಹೆಸರು. "ಬೈಬಲ್ಲಿನಲ್ಲಿ ಇದು ಎಲ್ಲೂ ಇಲ್ಲ ಮಗು, ಆದರೆ ಬೇಡ ಅಂತಲೂ ಇಲ್ಲ" ಎಂದು ಅಕ್ಕ ನಗುತ್ತಿದ್ದರು.

ಆಗ ಬಂದ ಹೊಸ ಸೂಪರಿಂಟೆಂಡೆಂಟ್, ಡಾಕ್ಟರ್ ವಾಮನಮೂರ್ತಿ. ಇಷ್ಟು ವರ್ಷವಾದ ಮೇಲೂ ಆ ಮನುಷ್ಯನನ್ನು ಅವರು, ಇವರು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಆತ ಎಂದೇ ಬರೆಯುತ್ತೇನೆ, ಓದುವವರು ಬೇಸರ ಮಾಡಿಕೊಳ್ಳಬಾರದು.

ಆತನಿಗೆ ಒಂದೇ ಹುಚ್ಚು. ಕಾಲುವೆಯಲ್ಲಿ ನೀರು ಹರಿದಂತೆ ಆಸ್ಪತ್ರೆಯಲ್ಲಿ ರೋಗಿಗಳು ಹರಿಯಬೇಕು, ಎಲ್ಲೂ ನಿಲ್ಲಬಾರದು. ಕೇಳಲು ಚೆನ್ನಾಗಿತ್ತು. ನೆಲದ ಮೇಲೆಲ್ಲ ಕೆಂಪು ಬಾಣದ ಗುರುತು ಬರೆಸಿದ. ಒಂದು ವಾರ್ಡಿಗೆ ಒಬ್ಬ ನರ್ಸ್ ಇದ್ದದ್ದನ್ನು ಎರಡು ವಾರ್ಡಿಗೆ ಒಬ್ಬಳೆಂದು ಮಾಡಿದ. ನಾವು ಬಾಣದ ಜೊತೆ ಓಡುತ್ತಿದ್ದೆವು, ರೋಗಿಗಳು ಮಾತ್ರ ಇದ್ದಲ್ಲೇ ಇದ್ದರು. ಮಂಚ ಬೆಚ್ಚಗೆ ಮಾಡುವುದು ಕಣ್ಣಿಗೆ ಬಿದ್ದ ದಿನ ಆತ ಎಲ್ಲರೆದುರೇ, "ನರ್ಸ್ ಕೂತರೆ ಆಸ್ಪತ್ರೆಯೇ ಕೂತ ಹಾಗೆ. ಇನ್ನು ಮೇಲೆ ಈ ಮೂಢನಂಬಿಕೆ ಇಲ್ಲಿ ನಡೆಯೋದಿಲ್ಲ" ಎಂದ. ಅಕ್ಕ ತಲೆಯಾಡಿಸಿದರು. ಆತ ಆಚೆ ಹೋದ ಮೇಲೆ ಉಳಿದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡರು.

ವಾರ್ಡಿನ ಮುಂಭಾಗದಲ್ಲಿ ಗಾಜಿನ ಗೋಡೆಯ ಒಂದು ಕೋಣೆಯಿತ್ತು. ಅದರಲ್ಲಿ ಎರಡು ಮಂಚ, ಒಂದು ಆಮ್ಲಜನಕದ ಸಿಲಿಂಡರ್. ಉಸಿರಾಟಕ್ಕೆ ತೊಂದರೆಯಾದ ಮಕ್ಕಳಿಗೆಂದು ಹಿಂದಿನವರು ಮಾಡಿಸಿದ್ದು. ಆಸ್ಪತ್ರೆಯನ್ನು ನಡೆಸುತ್ತಿದ್ದ ಧರ್ಮಸಂಸ್ಥೆಯ ಕಡೆಯಿಂದ ದಾನಿಗಳು ನೋಡಲು ಬರುವ ದಿನಗಳಲ್ಲಿ ವಾಮನಮೂರ್ತಿ ಆ ಕೋಣೆಯನ್ನು ಖಾಲಿ ಮಾಡಿಸಿ, ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸುತ್ತಿದ್ದ. ಬಂದವರಿಗೆ ಗಾಜಿನಾಚೆಯ ಮಂಚಗಳನ್ನು ತೋರಿಸಿ, "ನೋಡಿ, ನಮ್ಮಲ್ಲಿ ಹಾಸಿಗೆಗೆ ಕಾಯುವವರೇ ಇಲ್ಲ, ಹಾಸಿಗೆಯೇ ಮಕ್ಕಳಿಗೆ ಕಾಯುತ್ತೆ" ಎನ್ನುತ್ತಿದ್ದ. ದಾನಿಗಳು ತಲೆದೂಗುತ್ತಿದ್ದರು.

ಅಂಥದೊಂದು ದಿನವೇ ದೇವೀರಮ್ಮ ಬಂದದ್ದು. ಊರಾಚೆಯ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವವಳು. ಅವಳ ಮಗಳು ಸಣ್ಣಿಗೆ ನ್ಯುಮೋನಿಯಾ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಎಸ್ತೇರಮ್ಮಕ್ಕ ಮುಟ್ಟಿ ನೋಡಿದವರೇ, "ಓಡು ಮಗು, ಕೀಲಿ ತಗೊಂಡು ಬಾ, ಸಿಲಿಂಡರ್ ಬೇಕು" ಎಂದು ನನ್ನನ್ನು ಅಟ್ಟಿದರು. ಹಿಂದಿನ ಸಾಲಿನಲ್ಲಿ ಒಂದೇ ಒಂದು ಮಂಚ ಖಾಲಿಯಿತ್ತು. ಅಷ್ಟರಲ್ಲೇ ಯಾರೋ, ಅದರಲ್ಲಿ ಬೆಳಗ್ಗೆ ಒಂದು ಮಗು ಹೋಯಿತೆಂದು ದೇವೀರಮ್ಮನ ಕಿವಿಗೆ ಹಾಕಿದ್ದರು. ಅವಳು ಮಗುವನ್ನು ಎದೆಗೆ ಒತ್ತಿಕೊಂಡು, "ಅಲ್ಲಿ ಬ್ಯಾಡಿ ಕಣವ್ವಾ, ಅಲ್ಲಿ ಮಾತ್ರ ಬ್ಯಾಡಿ" ಎಂದು ಹೊರಗಿನ ಬೆಂಚಿನಲ್ಲೇ ಕೂತಳು. ಅಕ್ಕ ಒಳಗೆ ಹೋಗಿ ಹಾಸು ಎಳೆದು, ಆ ಮಂಚದ ಮೇಲೆ ಕೂತು ಬೆಲ್ಲ ಬಾಯಿಗಿಟ್ಟರು. ಆ ತಾಯಿ ಒಪ್ಪಬೇಕಲ್ಲ.

ನಾನು ಆತನ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ಕೀಲಿ ಕೇಳಿದೆ. ಆತ ಕನ್ನಡಿ ನೋಡಿಕೊಂಡು ಕೋಟು ಸರಿಮಾಡಿಕೊಳ್ಳುತ್ತಿದ್ದ. "ದಾನಿಗಳು ಗೇಟಿಗೆ ಬಂದಿದ್ದಾರೆ. ಅವರು ಹೋಗಲಿ, ಆಮೇಲೆ ತೆಗೀತೀನಿ" ಎಂದ. "ಮಗು ಉಳಿಯಲ್ಲ ಸಾರ್" ಎಂದೆ. "ನಿಮ್ಮ ಸಿಸ್ಟರಿಗೆ ಯಾವಾಗಲೂ ಹೀಗೇ" ಎಂದ. ನಾನು ಬರಿಗೈಯಲ್ಲಿ ವಾಪಸು ಬರುವ ಹೊತ್ತಿಗೆ ಬೆಂಚಿನ ಮೇಲೆ ಸಣ್ಣಿ ಕಣ್ಣು ಮೇಲೆ ಮಾಡಿತ್ತು. ಎಸ್ತೇರಮ್ಮಕ್ಕ ಅದರ ಬಾಯಿಗೆ ಬಾಯಿಟ್ಟು ಉಸಿರು ಊದುತ್ತಿದ್ದರು. ಏನೂ ಆಗಲಿಲ್ಲ.

ದೇವೀರಮ್ಮನಿಗೆ ನಮ್ಮ ವಾರ್ಡಿನ ಪದ್ಧತಿ ಗೊತ್ತಿರಲಿಲ್ಲ. ತೆರೆದ ಬಾಗಿಲಿನಿಂದ ಅವಳು ಕಂಡದ್ದು ಇಷ್ಟೇ, ಮಂಚದ ಮೇಲೆ ಕಾಲು ಇಳಿಬಿಟ್ಟು ಬೆಲ್ಲ ತಿನ್ನುತ್ತಿದ್ದ ಒಬ್ಬ ನರ್ಸ್. ಅವಳು ಅಕ್ಕನ ಮುಖಕ್ಕೇ ಕೈ ತೋರಿಸಿ, "ನನ್ನ ಕೂಸು ಉಸ್ರು ಎಳೀತಿದ್ರೆ ನೀನು ಬೆಲ್ಲ ತಿಂತಿದ್ದೆ. ನೀನು ತಿನ್ನೋ ಅನ್ನ ಮಣ್ಣಾಗ್ಲಿ" ಎಂದಳು. ಅಕ್ಕ ಬಗ್ಗಿ ಸಣ್ಣಿಯ ಕಣ್ಣು ಮುಚ್ಚಿದರು.

ವಿಚಾರಣೆ ಎಂಬ ನಾಟಕವೂ ನಡೆಯಿತು. ಧರ್ಮಸಂಸ್ಥೆಯ ಕಾರ್ಯದರ್ಶಿಯ ಎದುರು ನಾನು ಕೀಲಿಯ ವಿಷಯ ಹೇಳಿದೆ. ವಾಮನಮೂರ್ತಿ ನನ್ನತ್ತ ನೋಡಿ ಪಾಪ ಎಂಬಂತೆ ನಕ್ಕ. "ಈ ಹುಡುಗಿ ಗಾಬರಿಯಲ್ಲಿ ಏನೇನೋ ಹೇಳ್ತಿದ್ದಾಳೆ. ಆ ಕೋಣೆಗೆ ಅವತ್ತು ಬೀಗವೇ ಇರಲಿಲ್ಲ. ಸಿಸ್ಟರ್ ಬೆಲ್ಲ ತಿನ್ನೋದು ಬಿಟ್ಟು ಎದ್ದಿದ್ದರೆ ಸಾಕಿತ್ತು" ಎಂದ. ಬೀಗ ಕಂಡವರು ಬೇರೆಯವರೂ ಇದ್ದರು, ಆದರೆ ಅವರಿಗೂ ಹೆಂಡತಿ ಮಕ್ಕಳಿದ್ದರು, ಅವರ ಬಾಯಿಗೂ ಬೀಗ ಬಿತ್ತು. ಎಸ್ತೇರಮ್ಮಕ್ಕನನ್ನು ಕೆಲಸದಿಂದ ತೆಗೆದರು. ನನ್ನನ್ನು ತೆಗೆಯಲಿಲ್ಲ. ಕಲಿಯುವ ಹುಡುಗಿಯರಿಗೆ ಸಂಬಳವಿರಲಿಲ್ಲ, ಬಿಟ್ಟಿ ದುಡಿಯುವವಳನ್ನು ಯಾರು ಕಳಿಸುತ್ತಾರೆ?

ಅಕ್ಕನ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಕೆಲಸ ಹೋದದ್ದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅವರನ್ನು ಕೊರೆಯುತ್ತಿದ್ದದ್ದು ಆ ತಾಯಿಯ ಮಾತು. "ಅವಳು ಕಂಡಿದ್ದು ಸುಳ್ಳಲ್ಲವಲ್ಲ ಮಗು. ನಾನು ತಿಂತಾನೇ ಇದ್ದೆ" ಎನ್ನುತ್ತಿದ್ದರು. ಹೋಗಿ ನಿಜ ಹೇಳಿ ಬರೋಣವೆಂದು ನಾನು ದೇವೀರಮ್ಮನ ಗುಡಿಸಲಿಗೂ ಹೋದೆ. ಅವಳು ನನ್ನ ಬಿಳಿ ಸೀರೆ ಕಂಡದ್ದೇ ಬಾಗಿಲು ಹಾಕಿಕೊಂಡಳು. ಅಂದು ವಾಪಸು ನಡೆದು ಬರುತ್ತ ನಾನು ನಿಶ್ಚಯಿಸಿದೆ. ನಮ್ಮ ಮಾತನ್ನು ಅವಳು ನಂಬುವುದಿಲ್ಲ. ಬೀಗ ಹಾಕಿದ್ದು ತಾನು ಎಂದು ವಾಮನಮೂರ್ತಿ ತನ್ನ ಬಾಯಿಂದಲೇ ಅವಳಿಗೆ ಹೇಳಬೇಕು, ಹೇಳಿಸುತ್ತೇನೆ. ಆತನ ಕೆಲಸ, ಮಾನ, ಮರ್ಯಾದೆ ಯಾವುದೂ ನನಗೆ ಬೇಕಿರಲಿಲ್ಲ. ಹೋದರೆ ಸಂತೋಷವೇ ಎಂದುಕೊಂಡೆ, ಅದನ್ನು ಮುಚ್ಚಿಡುವುದಿಲ್ಲ.

ಸೇಡು ಎಂದರೆ ಕುದಿಯುವುದು ಎಂದು ಜನ ತಿಳಿದಿದ್ದಾರೆ. ನನ್ನದು ಬೂದಿ ಮುಚ್ಚಿದ ಕೆಂಡ. ನಾನು ಪರೀಕ್ಷೆ ಮುಗಿಸಿದೆ, ಅಲ್ಲೇ ನರ್ಸ್ ಆದೆ, ಕೆಲವು ವರ್ಷಗಳಲ್ಲಿ ಆ ವಾರ್ಡೇ ನನ್ನ ಕೈಗೆ ಬಂತು. ಆತ ಎದುರಾದಾಗಲೆಲ್ಲ "ನಮಸ್ಕಾರ ಸಾರ್" ಎನ್ನುತ್ತಿದ್ದೆ. ನನಗಿಂತ ವಿನಯದ ನರ್ಸ್ ಇಲ್ಲವೆಂದು ಆತನೇ ಎಲ್ಲರೆದುರು ಹೇಳಿದ್ದುಂಟು. ಆತ ಇಲ್ಲದ ಹೊತ್ತಿನಲ್ಲಿ ವಾರ್ಡಿನ ಮಂಚಗಳನ್ನು ಪರದೆ ಎಳೆದು ನಾನೇ ಬೆಚ್ಚಗೆ ಮಾಡುತ್ತಿದ್ದೆ. ಅಕ್ಕನಂತೆಯೇ ಕಾಲು ಇಳಿಬಿಟ್ಟು ಕೂತು ಬೆಲ್ಲ ಕಚ್ಚುವಾಗ ದೇವೀರಮ್ಮನ ಮಾತು ನೆನಪಾಗುತ್ತಿತ್ತು. ಆದರೂ ಮಕ್ಕಳಿಗೆ ಮಂಚ ಬೇಕಲ್ಲ, ನುಂಗುತ್ತಿದ್ದೆ.

ಗಾಜಿನ ಕೋಣೆಯ ಎರಡು ಮಂಚಗಳನ್ನು ಮಾತ್ರ ನಾನು ಬೆಚ್ಚಗೆ ಮಾಡಲಿಲ್ಲ. ಅದು ಆಸ್ಪತ್ರೆ, ಕಾಲಾನುಕಾಲಕ್ಕೆ ಆ ಎರಡರಲ್ಲೂ ಒಂದೊಂದು ಮಗು ತೀರಿಕೊಂಡಿತು. ಆಮೇಲೆ ನಾನು ಮಾಡಿದ ಮೊದಲ ಕೆಲಸ, ಸಿಲಿಂಡರನ್ನು ಉರುಳಿಸಿಕೊಂಡು ದೊಡ್ಡ ವಾರ್ಡಿಗೆ ತಂದದ್ದು. ನನ್ನ ಸೇಡಿಗೆ ಯಾವ ಮಗುವೂ ಉಸಿರು ತೆರುವುದು ನನಗೆ ಬೇಕಿರಲಿಲ್ಲ. ಎರಡನೆಯ ಕೆಲಸ, ಸುಮ್ಮನಿದ್ದದ್ದು. ತಾಯಂದಿರು ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಮಂಚಗಳು ತಿಂಗಳುಗಟ್ಟಲೆ ಖಾಲಿ ಬಿದ್ದವು. ವಾಮನಮೂರ್ತಿಗೆ ಖುಷಿಯೋ ಖುಷಿ. ಈಗ ಬೀಗದ ಅಗತ್ಯವೂ ಇರಲಿಲ್ಲ. ತನ್ನ ವ್ಯವಸ್ಥೆ ಫಲ ಕೊಟ್ಟಿತೆಂದು ಆತ ಬಂದವರಿಗೆಲ್ಲ ತೋರಿಸಿದ.

ಇನ್ನೊಂದು ಸಂಗತಿಯನ್ನು ನಾನು ಕಂಡುಕೊಂಡಿದ್ದೆ. ಮೂಢನಂಬಿಕೆ ಎಂದು ಗುಡುಗಿದ ಆ ಮನುಷ್ಯ ತಾನು ಮಾತ್ರ ಆ ಮಂಚಗಳ ಕಂಬಿಯನ್ನೂ ಮುಟ್ಟುತ್ತಿರಲಿಲ್ಲ. ದಾನಿಗಳಿಗೆ ತೋರಿಸುವಾಗ ಗಾಜಿನ ಹೊರಗೇ ನಿಲ್ಲುತ್ತಿದ್ದ. ಆತನ ಮಗಳು ಹೆರಿಗೆಗೆ ತವರಿಗೆ ಬಂದ ಮೇಲಂತೂ ಮನೆಗೆ ಹೊರಡುವ ಮುಂಚೆ ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆದು, ಯಾರೂ ನೋಡುತ್ತಿಲ್ಲವೆಂದು ತಿಳಿದು ಮೈಮೇಲೆ ನೀರು ಚಿಮುಕಿಸಿಕೊಳ್ಳುತ್ತಿದ್ದ. ನಾನು ಕಿಟಕಿಯಿಂದ ನೋಡಿ ನಗು ತಡೆಯಲು ತುಟಿ ಕಚ್ಚಿಕೊಂಡೆ. ಆ ಕೂಸು ಸುಖವಾಗಿ ಹುಟ್ಟಲಿ ಎಂದು ಮನಸಾರೆ ಹಾರೈಸಿದೆ. ಹುಟ್ಟಿತು, ಗಂಡು. ಆತ ವಾರ್ಡಿಗೆಲ್ಲ ಪೇಡೆ ಹಂಚಿಸಿದ, ನಾನೂ ತಿಂದೆ.

ಅದೇ ತಿಂಗಳು ಧರ್ಮಸಂಸ್ಥೆಯ ಅಧ್ಯಕ್ಷೆ ಪದ್ಮಾಂಬಾ ಆಸ್ಪತ್ರೆ ನೋಡಲು ಬಂದರು. ಆಸ್ಪತ್ರೆ ಕಟ್ಟಿಸಿದವರ ಮಗಳು, ಬಹಳ ವಯಸ್ಸಾಗಿತ್ತು. ವಿಚಾರಣೆಯ ಕಾಲದಲ್ಲಿ ಹಾಸಿಗೆ ಹಿಡಿದಿದ್ದವರು ಈಗ ಊರುಗೋಲು ಊರಿಕೊಂಡು ನಡೆಯುವಷ್ಟಾಗಿದ್ದರು. ವಾಮನಮೂರ್ತಿಯ ವ್ಯವಸ್ಥೆಗೆ ಸನ್ಮಾನ ಮಾಡಬೇಕೆಂದು ಶಾಲು, ಹಣ್ಣಿನ ಬುಟ್ಟಿ ಎಲ್ಲ ಬಂದಿತ್ತು. ಬೇಸಿಗೆಯ ಜ್ವರದ ಕಾಲ, ವಾರ್ಡಿನ ಮಂಚಗಳೆಲ್ಲ ತುಂಬಿ, ಮಿಕ್ಕ ತಾಯಂದಿರು ಗಾಜಿನ ಕೋಣೆಯ ಮುಂದೆಯೇ ಚಾಪೆ ಹಾಸಿ ಕೂತಿದ್ದರು. ಅವರನ್ನು ಹಿಂದಕ್ಕೆ ಕಳಿಸೆಂದು ಆತ ನನಗೆ ಬೆಳಗ್ಗೆಯೇ ಹೇಳಿದ್ದ. "ಆಗಲಿ ಸಾರ್" ಎಂದಿದ್ದೆ, ಕಳಿಸಿರಲಿಲ್ಲ.

ಪದ್ಮಾಂಬಾ ನೆಲದ ಮೇಲಿನ ಮಕ್ಕಳನ್ನು ನೋಡಿದರು, ಗಾಜಿನಾಚೆಯ ಮಂಚಗಳನ್ನು ನೋಡಿದರು. "ಅಲ್ಲಿ ಜಾಗ ಇದೆಯಲ್ಲ, ಇವರ್ಯಾಕೆ ಇಲ್ಲಿ?" ಎಂದರು.

"ಈಗಲೇ ಹಾಕಿಸ್ತೀನಿ ಅಮ್ಮ," ಎಂದ ವಾಮನಮೂರ್ತಿ ತಾಯಂದಿರತ್ತ ತಿರುಗಿ, "ಏಳಿ, ಏಳಿ, ಒಳಗೆ ಹೋಗಿ" ಎಂದು ಕೈ ಬೀಸಿದ.

ಒಬ್ಬರೂ ಏಳಲಿಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಒಬ್ಬ ಮುದುಕಿ, "ಅಲ್ಲಿ ಎಲ್ಡು ಮಕ್ಳು ಹೋಗವೆ ಕಣವ್ವಾ. ಆಮ್ಯಾಕೆ ಯಾರೂ ಕುಂತು ಉಂಡಿಲ್ಲ. ಹೆಂಗೆ ಮಲಗ್ಸಾನ?" ಎಂದಳು. ಪದ್ಮಾಂಬಾ ಅರ್ಥವಾಗದೆ ನನ್ನತ್ತ ನೋಡಿದರು. ನಾನು ಮಂಚ ಬೆಚ್ಚಗೆ ಮಾಡುವ ಪದ್ಧತಿಯನ್ನು ಎರಡು ಮಾತಿನಲ್ಲಿ ಹೇಳಿ, ಅದನ್ನು ಮಾಡುತ್ತಿದ್ದ ಎಸ್ತೇರಮ್ಮ ಸಿಸ್ಟರನ್ನು ಕೆಲಸದಿಂದ ತೆಗೆದರೆಂದು ಸೇರಿಸಿದೆ.

"ಎಲ್ಲ ಮೂಢನಂಬಿಕೆ ಅಮ್ಮ," ಎಂದ ವಾಮನಮೂರ್ತಿ.

ಪದ್ಮಾಂಬಾ ನಕ್ಕರು. "ಇರಲಿ ಡಾಕ್ಟರೇ. ಒಂದು ಗಳಿಗೆ ಕೂತರೆ ಮಕ್ಕಳಿಗೆ ಮಂಚ ಸಿಗುತ್ತೆ ಅಂದರೆ ನಿಮಗೇನು ನಷ್ಟ? ನೀವೇ ಕೂತುಬಿಡಿ."

ನಾನು ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದು ಆತನ ಅಂಗೈಯಲ್ಲಿಟ್ಟೆ. ಆತ ಗಾಜಿನ ಬಾಗಿಲು ದಾಟಿ ಒಳಗೆ ಹೋದ. ಮಂಚದವರೆಗೂ ಹೋದ. ಅಲ್ಲಿ ನಿಂತ. ಬಗ್ಗಲು ನೋಡಿದ, ಮಂಡಿ ಬಗ್ಗಲಿಲ್ಲ. ಕೊನೆಗೆ, ಯಾರಿಗೂ ಕೇಳಿಸಬಾರದೆಂಬಂತೆ, "ಮನೆಯಲ್ಲಿ ಹಸುಗೂಸು ಇದೆ ಅಮ್ಮ. ಬಾಣಂತಿ ಇದ್ದಾಳೆ" ಎಂದ.

ಮುದುಕಿ ತಲೆಯಾಡಿಸಿದಳು. ಅವಳಿಗೆ ಅದು ಸರಿಯಾಗಿ ಅರ್ಥವಾಯಿತು. ಪದ್ಮಾಂಬಾರ ನಗು ಆರಿತು. ಇದೇ ಗಳಿಗೆಗಾಗಿ ನಾನು ಅಷ್ಟು ವರ್ಷ ನಮಸ್ಕಾರ ಹೊಡೆದದ್ದು.

"ಕೂರೋದು ಬೇಡ ಅಮ್ಮ," ಎಂದೆ. "ಆ ಮಂಚದ ಕಂಬಿ ಮುಟ್ಟಿ ಒಂದು ಮಾತು ಹೇಳಲಿ. ದೇವೀರಮ್ಮನ ಮಗು ಹೊರಗೆ ಬೆಂಚಿನ ಮೇಲೆ ಸತ್ತ ದಿನ, ಈ ಕೋಣೆಗೆ ಬೀಗ ಇರಲಿಲ್ಲ, ಕೀಲಿ ನನ್ನ ಜೇಬಿನಲ್ಲಿ ಇರಲಿಲ್ಲ ಅಂತ. ಹೇಳಿದರೆ ನಾನು ಈಗಲೇ ಈ ಕೆಲಸ ಬಿಟ್ಟು ಹೋಗ್ತೀನಿ."

ಕಾರ್ಯದರ್ಶಿಯ ಎದುರು ನೀರು ಕುಡಿದಷ್ಟು ಸುಲಭವಾಗಿ ಹೇಳಿದ್ದ ಮಾತು ಅದು. ಆತ ನನ್ನನ್ನು ನೋಡಿದ. ನಾನು ಯಾರೆಂದು ಆತನಿಗೆ ಆ ಕ್ಷಣದಲ್ಲಿ ಮೊದಲ ಸಲ ಗೊತ್ತಾಯಿತೆಂದು ಕಾಣುತ್ತದೆ. ನಾನು ಕಣ್ಣು ತೆಗೆಯಲಿಲ್ಲ. ನನ್ನೊಳಗೆ ಕರುಣೆ ಏನಾದರೂ ಏಳುತ್ತದೆಯೋ ಎಂದು ನೋಡಿಕೊಂಡೆ. ಏಳಲಿಲ್ಲ. ಆತನ ಮುಷ್ಟಿಯಲ್ಲಿ ಬೆಲ್ಲ ಕರಗಿ ಬೆರಳಿಗೆ ಅಂಟಿತ್ತು.

"ಹೇಳಿ ಡಾಕ್ಟರೇ," ಎಂದರು ಪದ್ಮಾಂಬಾ.

"ಬೀಗ ಇತ್ತು," ಎಂದ. "ಕೀಲಿ ನನ್ನ ಹತ್ತಿರವೇ ಇತ್ತು."

ಪದ್ಮಾಂಬಾ ಕೋಣೆಯೊಳಗೆ ಹೋಗಿ, ನನ್ನ ಹೆಗಲು ಹಿಡಿದು ಒಂದು ಮಂಚ ಹತ್ತಿ ಕೂತು, "ನನಗೂ ಒಂದು ಚೂರು ಕೊಡಮ್ಮ" ಎಂದು ಕೈ ಚಾಚಿದರು. ಇನ್ನೊಂದರ ಮೇಲೆ ನಾನು ಕೂತೆ. ಮುದುಕಿ ಮೊಮ್ಮಗನನ್ನು ಎತ್ತಿಕೊಂಡು ಮೊದಲು ಬಂದಳು. ಶಾಲು, ಹಣ್ಣಿನ ಬುಟ್ಟಿ ಬಂದ ಗಾಡಿಯಲ್ಲೇ ವಾಪಸು ಹೋದವು. ಎರಡು ವಾರ್ಡಿಗೆ ಒಬ್ಬ ನರ್ಸ್ ಎಂಬುದು ಅದೇ ವಾರ ರದ್ದಾಯಿತು. ಆತನ ಹುದ್ದೆ ಆಮೇಲೆ ಹೋಯಿತು, ಅದು ಬೇರೆ ಮಾತು. ಅಂದು ಪದ್ಮಾಂಬಾ ಆತನಿಗೆ ಹೇಳಿದ್ದು ಒಂದೇ. "ಆ ತಾಯಿಗೆ ಇದನ್ನು ನೀವೇ ಹೋಗಿ ಹೇಳಬೇಕು. ಈ ಹುಡುಗಿ ಜೊತೆಗೆ ಬರ್ತಾಳೆ."

ಮರುದಿನ ಆಸ್ಪತ್ರೆಯ ವ್ಯಾನಿನಲ್ಲಿ ಹೋದೆವು. ಇಟ್ಟಿಗೆ ಗೂಡಿನ ಬಳಿ ದೇವೀರಮ್ಮ ಮಣ್ಣು ತುಳಿಯುತ್ತಿದ್ದಳು. ಈ ಸಲ ಮುಚ್ಚಿಕೊಳ್ಳಲು ಅಲ್ಲಿ ಬಾಗಿಲಿರಲಿಲ್ಲ. ಆತ ಹೇಳಿದ. ಅವಳು ಮೊಣಕಾಲವರೆಗಿನ ಕೆಸರಿನಲ್ಲಿ ನಿಂತೇ ಕೇಳಿದಳು. ಸಿಸ್ಟರಮ್ಮ ಯಾಕೆ ಬೆಲ್ಲ ತಿನ್ನುತ್ತಿದ್ದರೆಂಬುದನ್ನು ನಾನು ಹೇಳಿದೆ.

"ಬೀಗ ಯಾಕೆ ಹಾಕಿದ್ರಿ?" ಎಂದಳು ಆತನಿಗೆ.

"ಬಂದವರಿಗೆ ತೋರಿಸೋಕೆ."

"ಏನು ತೋರಿಸಾಕೆ?"

"ಖಾಲಿ ಮಂಚ," ಎಂದ.

ಅವಳು ಬಯ್ಯುತ್ತಾಳೆ, ಮಣ್ಣು ಬಾಚಿ ಎಸೆಯುತ್ತಾಳೆ ಎಂದು ನಾನು ಕಾದೆ, ಆಸೆಯಿಂದಲೇ ಕಾದೆ. ಅವಳು ಕೆಸರಿನಿಂದ ಮೇಲೆ ಬಂದು ಕಾಲು ತೊಳೆದುಕೊಂಡಳು. "ಆ ಸಿಸ್ಟರವ್ವನ ಮನೆ ಎಲ್ಲೈತೆ?" ಎಂದು ನನ್ನನ್ನು ಕೇಳಿದಳು.

ಎಸ್ತೇರಮ್ಮಕ್ಕ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ದೇವೀರಮ್ಮ ಗೇಟು ತೆಗೆದು ಒಳಗೆ ಬಂದು ಮೆಟ್ಟಿಲ ಬಳಿ ನಿಂತಳು.

"ನನ್ನ ಗುರ್ತು ಸಿಗ್ತಾ ಅಕ್ಕಾ?"

"ಸಿಗದೆ ಏನಮ್ಮ," ಎಂದರು ಅಕ್ಕ.

ದೇವೀರಮ್ಮ ಜಗಲಿ ಹತ್ತಿ ಅವರೆದುರು ಕೂತಳು. ಕೈ ಚಾಚಿ, ಮೊರದ ಅಕ್ಕಿಯಲ್ಲಿ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡಳು. ಇಬ್ಬರೂ ತಲೆ ಬಗ್ಗಿಸಿ ಕಲ್ಲು ಹೆಕ್ಕತೊಡಗಿದರು. ಅಕ್ಕನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ.

ವಾಮನಮೂರ್ತಿ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದ. ಒಳಗೆ ಬರಬಹುದೋ ಬಾರದೋ ತಿಳಿಯದೆ ಒಮ್ಮೆ ಗೇಟಿನ ಮೇಲೆ ಕೈಯಿಟ್ಟು, ಮತ್ತೆ ತೆಗೆದ. ಎಸ್ತೇರಮ್ಮಕ್ಕ ನನ್ನಂತಲ್ಲ, ಕ್ಷಮಿಸುವವರು, ಕರೆದು ನೀರು ಕೊಡುತ್ತಾರೆಂದು ನನಗೆ ಭಯವೇ ಇತ್ತು. ಆದರೂ ಕೇಳಬೇಕಲ್ಲ.

"ಡಾಕ್ಟರು ಬಂದು ನಿಂತಿದ್ದಾರೆ ಅಕ್ಕ. ಕರೀಲಾ?"

ಅಕ್ಕ ತಲೆಯೆತ್ತಲಿಲ್ಲ. ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.

"ಕಾಯಲಿ," ಎಂದರು.

ಮೊರದಲ್ಲಿ ಅಕ್ಕಿ ಇನ್ನೂ ಬೇಕಾದಷ್ಟಿತ್ತು.